ಬ್ರಾಂದಿ ಕುಡಿದದ್ದು ಎರಡೇ ಸಲ, ಮಗುವಿಗೆ ತೊಂದರೆ ಆಗುತ್ತಾ?

ಪ್ರಶ್ನೆ: ನನಗೀಗ ಮೂರು ತಿಂಗಳು. ಬಸುರಿ ಅಂತ ಗೊತ್ತಾಗೋ ಮೊದಲು ಶೀತಕ್ಕೆ ಒಳ್ಳೇದು ಅಂತ ಎರಡು ಸಲ ಬಿಸಿನೀರಿಗೆ ಬ್ರಾಂದಿ ಹಾಕಿಕೊಂಡು ಕುಡಿದಿದ್ದೆ. ಮಗುವಿನ ಬುದ್ಧಿಗೆ ಏನಾದರೂ ಆಗುತ್ತಾ? ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತಾ? ಬೇರೆ ಚಟ ಇಲ್ಲ. ಊಟ ಆದಮೇಲೆ ಎಲೆಅಡಿಕೆ, ಜೊತೆಗೆ ಚೂರು ಕಡ್ಡಿಪುಡಿ, ಅಷ್ಟೇ.
– ಓದುಗರೊಬ್ಬರು, ಚನ್ನಗಿರಿ

ಉತ್ತರ: ಆ ಎರಡು ಸಲಕ್ಕಾಗಿ ನಿದ್ದೆಗೆಡಬೇಡಿ, ಅಷ್ಟರಿಂದ ತೊಂದರೆಯಾಗುವ ಸಂಭವ ಕಡಿಮೆ. ಆದರೆ ಬಸುರಿಯಲ್ಲಿ ಇಷ್ಟು ಕುಡಿದರೆ ಪರವಾಗಿಲ್ಲ ಎನ್ನುವ ಅಳತೆ ಯಾವ ಡಾಕ್ಟರ ಬಳಿಯೂ ಇಲ್ಲ. ಇನ್ನು ಒಂದು ಮುಚ್ಚಳವೂ ಬೇಡ.

ತಾಯಿ ಕುಡಿದ ಮದ್ಯ ಮಾಸು ದಾಟಿ ಮಗುವಿನ ರಕ್ತ ಸೇರುತ್ತದೆ. ಅದನ್ನು ಅರಗಿಸುವ ಶಕ್ತಿ ಮಗುವಿನ ಲಿವರ್‌ಗೆ ಇನ್ನೂ ಬಂದಿರುವುದಿಲ್ಲ. ದಿನಾ ಕುಡಿಯುವ, ಇಲ್ಲವೇ ಒಮ್ಮೆಗೇ ಜಾಸ್ತಿ ಕುಡಿಯುವ ತಾಯಂದಿರ ಮಕ್ಕಳಿಗೆ ಅಪಾಯ ಹೆಚ್ಚು. ಹೊಟ್ಟೆಯಲ್ಲಿರುವಾಗ ಮದ್ಯದಿಂದ ಮಗುವಿಗಾಗುವ ಈ ಹಾನಿಯನ್ನು 1973ರಲ್ಲಿ ಅಮೆರಿಕದ ವೈದ್ಯರು ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಎಂದು ಕರೆದರು. ಸಣ್ಣ ಕಣ್ಣು, ತೆಳು ಮೇಲ್ತುಟಿ ಅದರ ಗುರುತು. ಆದರೆ ಮುಖದಲ್ಲಿ ಏನೂ ಕಾಣದೆ ಮೆದುಳಿಗಷ್ಟೇ ಪೆಟ್ಟು ಬಿದ್ದಿರುವ ಮಕ್ಕಳೇ ಹೆಚ್ಚು, ಏಕೆಂದರೆ ಮುಖ ಶುರುವಿನಲ್ಲೇ ರೂಪುಗೊಂಡರೂ ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಇದು ಸ್ಕ್ಯಾನಿಂಗ್‌ಗೆ ಸಿಗುವಂಥದ್ದಲ್ಲ. ಶಾಲೆಗೆ ಸೇರಿಸಿದ ಮೇಲೆ ಬಯಲಾಗುತ್ತದೆ: ಸೋಮವಾರ ಏಳರ ಮಗ್ಗಿ ಸರಾಗ ಒಪ್ಪಿಸಿದ ಹುಡುಗ ಮಂಗಳವಾರ ಏಳೆರಡ್ಲಿಗೇ ನಿಂತುಬಿಡುತ್ತಾನೆ. ‘ಬ್ಯಾಗ್ ಇಟ್ಟು, ಕೈ ತೊಳೆದು, ಊಟಕ್ಕೆ ಬಾ’ ಎಂದರೆ ಬ್ಯಾಗ್ ಇಡುವುದೊಂದೇ ನೆನಪು. ಮೇಷ್ಟ್ರು ಸೋಮಾರಿ ಅನ್ನುತ್ತಾರೆ, ಮನೆಯಲ್ಲಿ ಏಟು ಬೀಳುತ್ತದೆ. (ಇಂಥ ಮಕ್ಕಳ ತಾಯಂದಿರೆಲ್ಲ ಕುಡಿದವರು ಅಂತಲ್ಲ, ಬೇರೆ ಕಾರಣಗಳೂ ಬೇಕಾದಷ್ಟಿವೆ.)

ಬ್ರಾಂದಿಗಿಂತ ನನಗೆ ಚಿಂತೆ ಹತ್ತಿದ್ದು ನಿಮ್ಮ ಕಡ್ಡಿಪುಡಿಯದು. ಬ್ರಾಂದಿ ಎರಡು ಸಲ, ಇದು ಪ್ರತಿ ಊಟಕ್ಕೂ. ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ತೂಕ ಕಡಿಮೆಯಾಗಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಲೂಬಹುದು. ಬರೀ ಅಡಿಕೆಯೂ ಸಾಚಾ ಅಲ್ಲ, ಅದರಲ್ಲಿರುವ ಅರೆಕೋಲಿನ್ ಕೂಡ ಮಗುವಿಗೆ ತಲುಪುತ್ತದೆ. ಅಡಿಕೆ ತೋಟದ ನಡುವೆ ಇರುವವರಿಗೆ ಹೀಗೆ ಹೇಳಿದರೆ ಸಿಟ್ಟು ಬರಬಹುದು. ಸೀಮಂತದ ತಟ್ಟೆಯಲ್ಲಿ ಎಲೆಅಡಿಕೆ ಇರಲಿ, ಬಾಯಿಗೆ ಬೇಡ.

ಮುಂದಿನ ಸಲ ತಾಯಿ ಕಾರ್ಡ್ ಹಿಡಿದು ಹೋದಾಗ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಎರಡೂ ವಿಷಯ ಡಾಕ್ಟರಿಗೆ ಹೇಳಿ. ಬಿಡೋಕೆ ಆಗುತ್ತಿಲ್ಲ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದಿನಾ ಕುಡಿಯುವ ಬಸುರಿಯರು ಮಾತ್ರ ಒಮ್ಮೆಲೇ ನಿಲ್ಲಿಸಬಾರದು, ಫಿಟ್ಸ್ ಬರುವ ಅಪಾಯವಿದೆ. ಅಂಥವರು ಆಸ್ಪತ್ರೆಯಲ್ಲಿದ್ದುಕೊಂಡೇ ಬಿಡಬೇಕು. ಗಾಂಜಾ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರೂ ಮುಚ್ಚಿಡದೆ ಹೇಳಲಿ.

ಇನ್ನು, ಉಳಿದ ಬ್ರಾಂದಿಯನ್ನು ‘ಬಾಣಂತಿ ಮೈಗೆ ಬಿಸಿ’ ಅಂತ ಎತ್ತಿಡುವ ಮನೆಗಳಿವೆ. ಅದೂ ಬೇಡ. ಕುಡಿದದ್ದು ಎದೆಹಾಲಿಗೂ ಬರುತ್ತದೆ.