ಊಟ ಮೊದಲಿನಷ್ಟೇ, ಹೊಟ್ಟೆ ಮಾತ್ರ ಬರುತ್ತಿದೆ: ಹಾರ್ಮೋನ್ ಟೆಸ್ಟ್ ಮಾಡಿಸಲೇ?

ಪ್ರಶ್ನೆ: ನನಗೆ 46 ವರ್ಷ. ಒಂದು ವರ್ಷದಿಂದ ಮುಟ್ಟು ಹಿಂದೆ ಮುಂದೆ ಆಗುತ್ತಿದೆ, ಬಂದಾಗ ತುಂಬಾ ಹೋಗುತ್ತದೆ. ಊಟ ಹೆಚ್ಚಾಗಿಲ್ಲ, ಆದರೂ ಹೊಟ್ಟೆ ಬರುತ್ತಿದೆ. ಸಂಜೆಯಾದರೆ ಉಬ್ಬರ, ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವೆತು ಎಚ್ಚರ. ದಿನಾ ಗ್ಯಾಸ್ ಮಾತ್ರೆ ತಗೊಳ್ತೇನೆ. ಇದೆಲ್ಲ ಹಾರ್ಮೋನಿನಿಂದಲೇ? ಹಾರ್ಮೋನ್ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದೆಯೇ?

ಉತ್ತರ: ಬೆವರು ಮತ್ತು ಮುಟ್ಟಿನ ಏರುಪೇರು ಬಹುಮಟ್ಟಿಗೆ ಹಾರ್ಮೋನಿನದೇ. ಉಬ್ಬರ, ಸುಸ್ತು, ಹೊಟ್ಟೆ ಬರುವುದು ಇವಕ್ಕೆ ಹಾರ್ಮೋನಿನ ಜೊತೆಗೆ ಬೇರೆ ಕಾರಣಗಳೂ ಸೇರಿರುತ್ತವೆ, ಮತ್ತು ಸುಲಭವಾಗಿ ಸರಿಪಡಿಸಬಹುದಾದವು ಅವೇ. ಆದ್ದರಿಂದ ಹಾರ್ಮೋನ್ ಟೆಸ್ಟಿಗೆ ಇಡುವ ದುಡ್ಡನ್ನು ಸದ್ಯಕ್ಕೆ ಬೇರೆ ಟೆಸ್ಟುಗಳಿಗೆ ಇಟ್ಟುಕೊಳ್ಳಿ.

ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46–47, ಪಾಶ್ಚಾತ್ಯ ದೇಶಗಳಲ್ಲಿ 51. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿತು ಎಂದು ಲೆಕ್ಕ. ಹೆಚ್ಚು ಕಾಡುವುದು ಅದಕ್ಕೂ ಮೊದಲಿನ ನಾಲ್ಕೈದು ವರ್ಷ. ಈ ಅವಧಿಯಲ್ಲಿ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜೆನ್ ಮೆಲ್ಲಮೆಲ್ಲಗೆ ಇಳಿಯುತ್ತದೆ ಎಂದೇ ಎಲ್ಲರೂ ಅಂದುಕೊಂಡಿರುತ್ತಾರೆ. ಹಾಗಲ್ಲ, ಮೊದಲು ಕೈಕೊಡುವುದು ಅದರ ಜೊತೆಯ ಇನ್ನೊಂದು ಹಾರ್ಮೋನ್, ಪ್ರೊಜೆಸ್ಟರಾನ್. ಅಂಡಾಣು ಬಿಡುಗಡೆಯಾಗದ ತಿಂಗಳಲ್ಲಿ ಅದು ಹೆಚ್ಚುಕಡಿಮೆ ಉತ್ಪತ್ತಿಯೇ ಆಗುವುದಿಲ್ಲ. ಈಸ್ಟ್ರೋಜೆನ್ ಒಮ್ಮೆ ವಿಪರೀತ ಏರುತ್ತದೆ, ಒಮ್ಮೆ ಕುಸಿಯುತ್ತದೆ. ಏರಿದಾಗ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಅದನ್ನು ಹದದಲ್ಲಿಡುವ ಪ್ರೊಜೆಸ್ಟರಾನ್ ಇರುವುದಿಲ್ಲ. ಎರಡು ತಿಂಗಳು ಬಿಟ್ಟು ಬಂದ ಮುಟ್ಟು ಗಡ್ಡೆಗಡ್ಡೆಯಾಗಿ ಹೋಗುವುದು ಅದಕ್ಕೇ. ಕುಸಿದಾಗ ಮಿದುಳಿನಲ್ಲಿ ಮೈಬಿಸಿ ನೋಡಿಕೊಳ್ಳುವ ಭಾಗ ಅತಿಸೂಕ್ಷ್ಮವಾಗಿ, ಸ್ವಲ್ಪ ಬಿಸಿ ಏರಿದರೂ ಬೆವರಿಳಿಸುತ್ತದೆ.

ಟೆಸ್ಟ್ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಎಫ್‌ಎಸ್‌ಎಚ್ (ಅಂಡಾಶಯವನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್, ಟೆಸ್ಟಿನಲ್ಲಿ ಅಳೆಯುವುದು ಇದನ್ನೇ) ಈ ತಿಂಗಳು ಹೆಚ್ಚಿದ್ದು ಮುಂದಿನ ತಿಂಗಳು ಸಹಜ ಬರಬಹುದು, ಎರಡೂ ನಿಜವೇ. 45 ದಾಟಿದವರಲ್ಲಿ ವಯಸ್ಸು ಮತ್ತು ಲಕ್ಷಣ ನೋಡಿದರೆ ಸಾಕು. 40ರೊಳಗೆ ಮುಟ್ಟು ನಿಲ್ಲುತ್ತಾ ಬಂದಿದ್ದರೆ ಮಾತು ಬೇರೆ. ಆಗ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಎರಡು ಸಲ ಎಫ್‌ಎಸ್‌ಎಚ್ ನೋಡಲೇಬೇಕು. 40ರಿಂದ 45ರ ನಡುವಿನವರಿಗೂ ವೈದ್ಯರು ಬರೆಯಬಹುದು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಆ ಅಂಕಿಯನ್ನು ನಂಬುವಂತಿಲ್ಲ.

ಮಾಡಿಸಬೇಕಾದವು: ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್), ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬು), ವಿಟಮಿನ್ ಬಿ12, ಜೊತೆಗೆ ಬಿಪಿ. ಥೈರಾಯ್ಡ್ ಕಡಿಮೆಯಾದರೂ ಸುಸ್ತು, ಮಲಬದ್ಧತೆ, ತೂಕ, ಮುಟ್ಟಿನ ಏರುಪೇರು ಎಲ್ಲ ಹೀಗೇ ಕಾಣಿಸಿಕೊಳ್ಳುತ್ತವೆ. ಕೂದಲಿಗೆಂದು ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ, ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿಸುತ್ತದೆ. ಲಿಪಿಡ್ ಏಕೆಂದರೆ ಕೊನೆಯ ಮುಟ್ಟಿನ ಆಸುಪಾಸಿನ ಒಂದೆರಡು ವರ್ಷದಲ್ಲೇ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರುತ್ತದೆ. 40ರಲ್ಲಿ ನೋಡಿದ ರಿಪೋರ್ಟ್ ಈಗ ಲೆಕ್ಕಕ್ಕಿಲ್ಲ.

ಈ ಪಟ್ಟಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಫೆರಿಟಿನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15–49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದರ ಮೇಲೆ ತಿಂಗಳಿಗೆ ಎಂಟು ಹತ್ತು ದಿನ ರಕ್ತ ಹೋದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಹಿಮೊಗ್ಲೋಬಿನ್ 12.1 ಇದ್ದರೂ ಫೆರಿಟಿನ್ 30ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ದಾಸ್ತಾನು ಖಾಲಿಯಾಗುತ್ತಿದೆ ಎಂದೇ ತಿಳಿಯಬೇಕು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು, ಕೂದಲು ಉದುರುವುದು, ಕಾಲು ಸುಮ್ಮನಿರದೆ ನಿದ್ದೆ ಕೆಡುವುದು ಎಷ್ಟೋ ಸಲ ಇದರಿಂದಲೇ. ‘ಮುಟ್ಟು ನಿಲ್ಲುವ ಕಾಲ, ಹೀಗೇ ಇರುತ್ತೆ’ ಎಂದು ಇದನ್ನೂ ಅದರ ತಲೆಗೆ ಕಟ್ಟಿಬಿಡುತ್ತೇವೆ. ಜ್ವರ ಅಥವಾ ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಹೆಚ್ಚು ತೋರಿಸುತ್ತದೆ, ಆಗ ಮಾಡಿಸಬೇಡಿ.

ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ತೆಗೆದುಕೊಳ್ಳುವ ಕ್ರಮ ಮುಖ್ಯ. ತಿಂಡಿಯಾದ ಕೂಡಲೇ ಕಾಫಿ ಕುಡಿಯುವುದು ನಮ್ಮ ಕಡೆ ಬಿಡಲಾಗದ ಅಭ್ಯಾಸ, ಕಬ್ಬಿಣ ಮೈಗೆ ಹತ್ತದಿರುವುದಕ್ಕೂ ಅದೇ ದೊಡ್ಡ ಕಾರಣ. ಮಾತ್ರೆಗೂ ಕಾಫಿ–ಟೀಗೂ ನಡುವೆ ಕನಿಷ್ಠ ಒಂದು ಗಂಟೆ ಇರಲಿ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ. ನಿಂಬೆರಸದ ನೀರಿನೊಂದಿಗೆ ನುಂಗಿದರೆ ಒಳ್ಳೆಯದು. ಹೊಟ್ಟೆ ಕಟ್ಟಿದಂತಾದರೆ ದಿನ ಬಿಟ್ಟು ದಿನ ತಗೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಹಾಗೆ ತಗೊಂಡಾಗ ಪ್ರತಿ ಮಾತ್ರೆಯ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ, ಮಲಬದ್ಧತೆಯೂ ಕಡಿಮೆ. ಹಿಮೊಗ್ಲೋಬಿನ್ ಸರಿಹೋದ ತಕ್ಷಣ ನಿಲ್ಲಿಸಬಾರದು, ದಾಸ್ತಾನು ತುಂಬಲು ಇನ್ನೂ ಸುಮಾರು ಮೂರು ತಿಂಗಳು ಬೇಕು. ಥೈರಾಯ್ಡ್ ಮಾತ್ರೆ ಇದ್ದವರು ಅದಕ್ಕೂ ಕಬ್ಬಿಣ, ಕ್ಯಾಲ್ಸಿಯಂಗಳಿಗೂ ನಾಲ್ಕು ಗಂಟೆ ಅಂತರ ಇಡಲೇಬೇಕು.

ಇನ್ನು ಗ್ಯಾಸ್ ಮಾತ್ರೆ. ನಿಮ್ಮ ಪ್ರಶ್ನೆಯಲ್ಲಿ ಇದೊಂದು ಸಾಲಷ್ಟೇ, ಆದರೆ ನಮ್ಮ ಮಟ್ಟಿಗೆ ಮುಖ್ಯ ಸುಳಿವು ಇಲ್ಲೇ ಇದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದವು ಹೊಟ್ಟೆಯ ಆಮ್ಲ ತಗ್ಗಿಸುತ್ತವೆ. ಎದೆಯುರಿಗೆ ಅದು ಸರಿ, ಉಬ್ಬರಕ್ಕೆ ಏನೂ ಮಾಡುವುದಿಲ್ಲ. ವರ್ಷಗಟ್ಟಲೆ ನುಂಗಿದರೆ ಬಿ12, ಕಬ್ಬಿಣ, ಕ್ಯಾಲ್ಸಿಯಂ ಕಾರ್ಬೊನೇಟ್ ಎಲ್ಲದರ ಹೀರಿಕೆಯೂ ಕುಗ್ಗುತ್ತದೆ. ಶುದ್ಧ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರು, ಇದರ ಜೊತೆ ಗ್ಯಾಸ್ ಮಾತ್ರೆಯೂ ಇದ್ದರೆ ಬಿ12 ಕುಸಿಯದೆ ಇರುವುದು ಕಷ್ಟ. ಪಾದ ಜೋಮು ಹಿಡಿಯುವುದು, ಮರೆವು ಇವುಗಳ ಹಿಂದೆ ಅದೂ ಇರಬಹುದು. ಒಮ್ಮೆಗೇ ನಿಲ್ಲಿಸಿದರೆ ಕೆಲವು ದಿನ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉರಿಯುತ್ತದೆ, ‘ಮಾತ್ರೆ ಇಲ್ಲದೆ ಆಗದು’ ಅನ್ನಿಸುವುದು ಆಗಲೇ. ದಿನ ಬಿಟ್ಟು ದಿನ, ಆಮೇಲೆ ಬೇಕಾದಾಗ ಮಾತ್ರ ಎಂದು ಎರಡು ಮೂರು ವಾರದಲ್ಲಿ ಇಳಿಸಬೇಕು. ಹೃದಯಕ್ಕೆ ಆಸ್ಪಿರಿನ್ ಅಥವಾ ದಿನಾ ನೋವಿನ ಮಾತ್ರೆ ತಗೊಳ್ಳುವವರು, ಹಿಂದೆ ಹೊಟ್ಟೆಹುಣ್ಣು ಆಗಿದ್ದವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಉಬ್ಬರಕ್ಕೆ ಮೊದಲು ನೋಡಬೇಕಾದ್ದು ಮಲ ಸರಿಯಾಗಿ ಹೋಗುತ್ತಿದೆಯೇ ಎಂಬುದು. ದಿನಾ ಹೋದರೂ ಗಟ್ಟಿಯಾಗಿ, ಪೂರ್ತಿ ಹೋಗಿಲ್ಲ ಅನ್ನಿಸಿದರೆ ಅದೂ ಮಲಬದ್ಧತೆಯೇ. ಎರಡನೆಯದು ಹಾಲು: ಎರಡು ವಾರ ಹಾಲು, ಹಾಲಿನ ಕಾಫಿ ಬಿಟ್ಟು ಮೊಸರು, ಮಜ್ಜಿಗೆ ಇಟ್ಟುಕೊಳ್ಳಿ. ಉಬ್ಬರ ಇಳಿದರೆ ಹಾಲಿನ ಸಕ್ಕರೆ (ಲ್ಯಾಕ್ಟೋಸ್) ಜೀರ್ಣವಾಗುತ್ತಿಲ್ಲ ಎಂದರ್ಥ. ಮೂರನೆಯದು ಕಾಳು. ಹುರುಳಿ, ಕಡಲೆ, ಅವರೆಕಾಳನ್ನು 10–12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಿನಲ್ಲಿ ಹಿಸುಕಿದರೆ ನುಣ್ಣಗಾಗುವಷ್ಟು ಬೇಯಿಸಬೇಕು. ನಾರಿನಂಶ ದಿನಕ್ಕೆ 25–30 ಗ್ರಾಂ ಬೇಕು ನಿಜ, ಆದರೆ ‘ಆರೋಗ್ಯದ ಊಟ’ ಎಂದು ಒಂದೇ ವಾರದಲ್ಲಿ ಅಲ್ಲಿಗೆ ಹಾರಿದರೆ ಹೊಟ್ಟೆ ತಮಟೆಯಾಗುತ್ತದೆ. ವಾರಕ್ಕೆ 5 ಗ್ರಾಂನಂತೆ ಏರಿಸಿ. ಇಸಬ್‌ಗೋಲ್ ಆದರೆ ಒಂದು ಚಮಚ, ತುಂಬಿದ ಲೋಟ ನೀರಿನಲ್ಲಿ ಕಲಸಿದ ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಅದೇ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳುತ್ತದೆ.

ಕರುಳಿಗೂ ಹಾರ್ಮೋನಿಗೂ ನಂಟಿರುವುದು ಸುಳ್ಳಲ್ಲ. ಬಳಸಿದ ಈಸ್ಟ್ರೋಜೆನನ್ನು ಯಕೃತ್ತು ಕಟ್ಟು ಹಾಕಿ ಪಿತ್ತರಸದ ಮೂಲಕ ಕರುಳಿಗೆ ಬಿಡುತ್ತದೆ. ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಆ ಕಟ್ಟು ಬಿಚ್ಚುತ್ತವೆ, ಒಂದಷ್ಟು ಮರಳಿ ರಕ್ತಕ್ಕೆ ಸೇರುತ್ತದೆ. ಸೋಯಾದಲ್ಲಿರುವ ಅಂಶವನ್ನು ಇಕ್ವಾಲ್ ಎಂಬ ವಸ್ತುವಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಎಲ್ಲರ ಕರುಳಲ್ಲೂ ಇರುವುದಿಲ್ಲ, ಸೋಯಾ ಒಬ್ಬರ ಮೈಬಿಸಿ, ಬೆವರನ್ನು ಇಳಿಸಿ ಇನ್ನೊಬ್ಬರಿಗೆ ಏನೂ ಮಾಡದಿರಲು ಇದೂ ಒಂದು ಕಾರಣ. ಆದರೆ ಮಲ ಪರೀಕ್ಷಿಸಿ ‘ನಿಮ್ಮ ಕರುಳಿನ ಹಾರ್ಮೋನ್ ಸ್ಥಿತಿ’ ಹೇಳುವ ದುಬಾರಿ ಕಿಟ್‌ಗಳಿಂದ ಚಿಕಿತ್ಸೆ ನಿರ್ಧರಿಸುವಷ್ಟು ಜ್ಞಾನ ಇನ್ನೂ ಬಂದಿಲ್ಲ. ಆ ದುಡ್ಡಿಗೆ ಮೊಸರು, ಸೊಪ್ಪು, ಕಾಳು ಬಹಳ ದಿನಕ್ಕೆ ಬರುತ್ತವೆ.

ಇಡ್ಲಿ, ದೋಸೆಯ ಹಿಟ್ಟು ಹುದುಗಿದ್ದೇನೋ ಹೌದು, ಬೇಯಿಸಿದ ಮೇಲೆ ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಹುದುಗಿನಿಂದ ಫೈಟೇಟ್ (ಧಾನ್ಯ, ಕಾಳಿನಲ್ಲಿದ್ದು ಕಬ್ಬಿಣವನ್ನು ಹಿಡಿದಿಡುವ ಅಂಶ) ಕಡಿಮೆಯಾಗಿ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುವ ಲಾಭವಂತೂ ಇದೆ. ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಮೊಸರು, ಮಜ್ಜಿಗೆ ಅಥವಾ ಅಂಬಲಿ. ಒಬ್ಬರಿಗೆ ಮೂರು ದೊಡ್ಡ ಚಮಚ ರಾಗಿ ಹಿಟ್ಟನ್ನು (ಮೊಳಕೆ ಕಟ್ಟಿ ಬೀಸಿದ್ದಾದರೆ ಇನ್ನೂ ಒಳ್ಳೆಯದು) ಅರ್ಧ ಲೋಟ ನೀರಿನಲ್ಲಿ ರಾತ್ರಿ ಕಲಸಿಡಿ. ಬೆಳಿಗ್ಗೆ ಒಂದೂವರೆ ಲೋಟ ಕುದಿಯುವ ನೀರಿಗೆ ಹಾಕಿ ಗಂಟಾಗದಂತೆ ಎಂಟು ಹತ್ತು ನಿಮಿಷ ಬೇಯಿಸಿ. ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ ಬೆರೆಸಬೇಕು, ಬಿಸಿಯಲ್ಲಿ ಬೆರೆಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ.

ಈಗ ಹೊಟ್ಟೆ ಬರುವ ವಿಚಾರ. ‘ಮೆಟಬಾಲಿಸಂ ನಿಧಾನವಾಗಿದೆ’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. 2021ರಲ್ಲಿ ಸಾವಿರಾರು ಜನರ ಶಕ್ತಿವ್ಯಯ ಅಳೆದ ದೊಡ್ಡ ಅಧ್ಯಯನದಲ್ಲಿ, ಮೈಗಾತ್ರಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ, 20ರಿಂದ 60ರವರೆಗೆ ಅದು ಹೆಚ್ಚುಕಡಿಮೆ ಒಂದೇ ಸಮ ಇತ್ತು. ಬದಲಾಗುವುದು ಎರಡು: ಸ್ನಾಯು ಕರಗುತ್ತದೆ, ಮತ್ತು ತೊಡೆ–ಸೊಂಟದಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ ಸೇರತೊಡಗುತ್ತದೆ. ತೂಕಕ್ಕಿಂತ ಟೇಪು ಸರಿಯಾಗಿ ಹೇಳುತ್ತದೆ, ನಮ್ಮ ಹೆಣ್ಣುಮಕ್ಕಳಿಗೆ ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಬಾರದು. ಊಟ ಬಿಟ್ಟು ತೂಕ ಇಳಿಸಿದರೆ ಮೊದಲು ಹೋಗುವುದು ಆ ಸ್ನಾಯುವೇ.

60 ಕೆ.ಜಿ. ತೂಕದವರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ದಿನಕ್ಕೆ ಸುಮಾರು 50 ಗ್ರಾಂ ಪ್ರೊಟೀನ್ ಕನಿಷ್ಠ. ಸ್ನಾಯು ಉಳಿಸಿಕೊಳ್ಳಲು 60–70 ಗ್ರಾಂ ಇದ್ದರೆ ಒಳ್ಳೆಯದು (ಮೂತ್ರಪಿಂಡದ ತೊಂದರೆ ಇದ್ದವರು ಕೇಳಿಯೇ ಮಾಡಿ). ಬೆಳಿಗ್ಗೆ ಮೂರು ಇಡ್ಲಿ ಚಟ್ನಿ, ಮಧ್ಯಾಹ್ನ ಅನ್ನ ತಿಳಿಸಾರು ಪಲ್ಯ, ರಾತ್ರಿ ಎರಡು ಚಪಾತಿ ಎಂದರೆ 35 ದಾಟುವುದು ಕಷ್ಟ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರ ತಟ್ಟೆಗೆ ಬೇಳೆ ಬರುವುದಿಲ್ಲ, ಬೇಳೆಯ ನೀರು ಬರುತ್ತದೆ. ಮಧ್ಯಾಹ್ನಕ್ಕೆ ತಲೆಗೆ 40 ಗ್ರಾಂ ಬೇಳೆ ಹಾಕಿದ ಗಟ್ಟಿ ಹುಳಿ ಅಥವಾ ತೊವ್ವೆ ಮಾಡಿದರೆ 8–9 ಗ್ರಾಂ. ಬೆಳಿಗ್ಗೆ ಎರಡು ಮೊಟ್ಟೆ (12 ಗ್ರಾಂ) ಅಥವಾ 50 ಗ್ರಾಂ ಹೆಸರುಕಾಳು ರುಬ್ಬಿದ ದೋಸೆ (11 ಗ್ರಾಂ). ಸಂಜೆ ಬಿಸ್ಕತ್ತಿನ ಬದಲು ಒಂದು ಹಿಡಿ ಹುರಿಗಡಲೆ (6 ಗ್ರಾಂ). ರಾತ್ರಿ 25 ಗ್ರಾಂ ಸೋಯಾ ಚಂಕ್ಸ್ ಪಲ್ಯಕ್ಕೆ ಸೇರಿದರೆ 13 ಗ್ರಾಂ. ರಾಗಿಯನ್ನು ಪ್ರೊಟೀನಿಗೆ ನಂಬಬೇಡಿ, ನೂರು ಗ್ರಾಂ ಹಿಟ್ಟಿನಲ್ಲಿ ಏಳೇ ಗ್ರಾಂ. ಅದರ ಕೆಲಸ ಕ್ಯಾಲ್ಸಿಯಂ.

ಪ್ರೊಟೀನ್ ತಿಂದು ಸುಮ್ಮನೆ ಕೂತರೆ ಸ್ನಾಯು ಬೆಳೆಯುವುದಿಲ್ಲ, ವಾಕಿಂಗೂ ಅದಕ್ಕೆ ಸಾಲದು. ವಾರಕ್ಕೆ ಎರಡು ದಿನ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು 10 ಸಲ, ಗೋಡೆಗೆ ಕೈ ಒತ್ತಿ ದಂಡ ಹೊಡೆಯುವುದು 10 ಸಲ, ಹೀಗೆ ಮೂರು ಸುತ್ತು. ಸಲೀಸಾದ ಮೇಲೆ ಕೈಯಲ್ಲಿ ನೀರಿನ ಬಾಟಲಿ ಹಿಡಿದು ಭಾರ ಏರಿಸಿ.

ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಮೂಳೆ ಬಹಳ ಬೇಗ ಸವೆಯುತ್ತದೆ. ಕ್ಯಾಲ್ಸಿಯಂ ದಿನಕ್ಕೆ 1000 ಮಿ.ಗ್ರಾಂ, ಮುಟ್ಟು ನಿಂತ ಮೇಲೆ 1200. 75 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 270, ಒಂದು ಲೋಟ ಹಾಲಿನಲ್ಲಿ 240, ಒಂದು ಬಟ್ಟಲು ಮೊಸರಿನಲ್ಲಿ 200, ನೂರು ಗ್ರಾಂ ನುಗ್ಗೆ ಅಥವಾ ದಂಟಿನ ಸೊಪ್ಪಿನಲ್ಲಿ 300. ಪಾಲಕ್ ಈ ಲೆಕ್ಕಕ್ಕೆ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಬಿಟ್ಟುಕೊಡುವುದಿಲ್ಲ. ಮಾತ್ರೆಯೇ ಬೇಕಾದರೆ ಕಾರ್ಬೊನೇಟನ್ನು ಊಟದ ಜೊತೆ, ಒಮ್ಮೆಗೆ 500 ಮಿ.ಗ್ರಾಂ ಮೀರದಂತೆ. ವಿಟಮಿನ್ ಡಿಯ 60,000 ಯೂನಿಟ್ ಸ್ಯಾಚೆ ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ನುಂಗಿ ಆಸ್ಪತ್ರೆ ಸೇರಿದವರಿದ್ದಾರೆ, ಚೀಟಿಯನ್ನು ಎರಡು ಸಲ ಓದಿ.

ರಾತ್ರಿಯ ಬೆವರು ವಾರಗಟ್ಟಲೆ ನಿದ್ದೆ ಕೆಡಿಸುತ್ತಿದ್ದರೆ ಅಗಸೆಬೀಜ, ಮೆಂತ್ಯ ಎಂದು ಕಾಲ ಕಳೆಯಬೇಡಿ. ಅದಕ್ಕೆ ಅತ್ಯಂತ ಪರಿಣಾಮಕಾರಿ ಮದ್ದು ಹಾರ್ಮೋನ್ ಚಿಕಿತ್ಸೆಯೇ. 60ರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದರೆ ಹೆಚ್ಚಿನ ಆರೋಗ್ಯವಂತರಿಗೆ ಲಾಭವೇ ಜಾಸ್ತಿ. ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟರಾನ್ ಕಡ್ಡಾಯ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲು ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಸಾಮಾನ್ಯವಾಗಿ ತೆಗೆದುಕೊಳ್ಳುವಂತಿಲ್ಲ.

ಕೆಲವಕ್ಕೆ ಮನೆಮದ್ದೂ ಬೇಡ, ಕಾಯುವುದೂ ಬೇಡ. ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ಹೋದರೆ ಅಂದೇ ಆಸ್ಪತ್ರೆಗೆ ಹೋಗಿ. ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ತೋರಿಸಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ಒಳಪದರದ ಸ್ಕ್ಯಾನಿಂಗ್ ಆಗಬೇಕು. ಹಾಗೆಯೇ 50ರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ಉಬ್ಬರ ತಿಂಗಳಲ್ಲಿ 12 ದಿನಕ್ಕಿಂತ ಹೆಚ್ಚು ಇದ್ದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತಿದ್ದರೆ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತಿದ್ದರೆ ಅದನ್ನು ಗ್ಯಾಸ್ ಎನ್ನಬೇಡಿ. ಅಂಡಾಶಯದ ಕ್ಯಾನ್ಸರ್ ಶುರುವಿನಲ್ಲಿ ಹೀಗೇ ಇರಬಹುದು. ಸ್ತ್ರೀರೋಗ ತಜ್ಞರಲ್ಲಿ ಹೋಗಿ ಸಿಎ-125 ರಕ್ತಪರೀಕ್ಷೆ, ಕಿಬ್ಬೊಟ್ಟೆಯ ಸ್ಕ್ಯಾನಿಂಗ್ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ.