ಬಿಯರ್ ಊರು ಬಿಟ್ಟಿತು, ಯೀಸ್ಟ್ ಲೋಕ ಸುತ್ತಿತು

ಕೋಪನ್‌ಹೇಗನ್‌ನ ವಾಲ್ಬಿ ದಿಬ್ಬದಲ್ಲಿ ನಾಲ್ಕು ಗ್ರಾನೈಟ್ ಆನೆಗಳು ಗೋಪುರವೊಂದನ್ನು ಬೆನ್ನ ಮೇಲೆ ಹೊತ್ತು ನಿಂತಿವೆ. ಅವುಗಳ ಮೈಮೇಲೆ ಸ್ವಸ್ತಿಕವಿದೆ. ನಾಜಿಗಳು ಆ ಗುರುತಿಗೆ ಮಸಿ ಬಳಿಯುವ ಎಷ್ಟೋ ಮುಂಚೆ, 1901ರಲ್ಲಿ ಕಾರ್ಲ್ ಯಾಕೋಬ್ಸನ್ ಕಟ್ಟಿಸಿದ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಹೆಬ್ಬಾಗಿಲು ಇದು. ಕಾರ್ಲ್‌ನ ಅಪ್ಪ ಜೆ. ಸಿ. ಯಾಕೋಬ್ಸನ್ 1847ರಲ್ಲಿ ಇಲ್ಲಿ ಶುರುಮಾಡಿದ್ದ ಬಿಯರ್ ತಯಾರಿಕೆಯ ಬಹುಪಾಲು 2008ರಲ್ಲಿ ಫ್ರೆಡೆರಿಸಿಯಾ ಊರಿಗೆ ಹೋಯಿತು. ಖಾಲಿ ಬಿದ್ದ ಜಾಗದಲ್ಲಿ ಈಗ ಮನೆ, ಕಚೇರಿ, ಅಂಗಡಿಗಳ ಬಡಾವಣೆ ಎದ್ದಿದೆ.

ಆನೆಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಅಪ್ಪ 1875ರಲ್ಲಿ ತೆರೆದ ಪ್ರಯೋಗಾಲಯ. ಬಿಯರ್ ಆಗಾಗ ಕೆಟ್ಟು ಕಹಿಯಾಗುತ್ತಿದ್ದ ಕಾಲ ಅದು. ಕೇಡಿಗೆ ಬ್ಯಾಕ್ಟೀರಿಯಾ ಕಾರಣವೆಂದು ಪಾಶ್ಚರ್ ಹೇಳಿದ್ದ. ಇಲ್ಲಿದ್ದ ಎಮಿಲ್ ಹ್ಯಾನ್ಸನ್‌ಗೆ ಬೇರೆ ಗುಮಾನಿ: ಬಿಯರ್ ಹುದುಗಿಸುವ ಸೂಕ್ಷ್ಮಜೀವಿಯಾದ ಯೀಸ್ಟಿನಲ್ಲೇ ಒಳ್ಳೆಯದರ ಜತೆ ಕಾಡು ಯೀಸ್ಟೂ ನುಸುಳಿರಬೇಕು. ಯೀಸ್ಟ್ ಬೆರೆತ ದ್ರವವನ್ನು ಮತ್ತೆ ಮತ್ತೆ ತೆಳುಮಾಡುತ್ತ ಹೋದ. ಕೊನೆಗೆ ಒಂದೇ ಒಂದು ಕೋಶ ಕೈಗೆ ಸಿಕ್ಕಿತು. ಅದನ್ನು ಬೆಳೆಸಿದರೆ ಇಡೀ ಸಂತತಿ ಒಂದೇ ತಳಿ. 1883ರಲ್ಲಿ ಆ ಶುದ್ಧ ಯೀಸ್ಟಿನಿಂದ ಕಾರ್ಖಾನೆಯಲ್ಲಿ ಬಿಯರ್ ಇಳಿಯಿತು. ಅಪ್ಪ ಯಾಕೋಬ್ಸನ್ ಇದಕ್ಕೆ ಪೇಟೆಂಟ್ ಮಾಡಿಸಲಿಲ್ಲ, ಕೇಳಿದ ಪೈಪೋಟಿದಾರರಿಗೂ ಯೀಸ್ಟ್ ಕೊಟ್ಟ. ಇವತ್ತಿನ ಯಾವ ಕಂಪನಿ ಹೀಗೆ ಮಾಡೀತು!

ಅದೇ ವರ್ಷ ಅಲ್ಲೇ ಯೋಹಾನ್ ಕೆಲ್‌ಡಾಲ್ ಧಾನ್ಯದಲ್ಲಿನ ಸಾರಜನಕ ಅಳೆಯುವ ವಿಧಾನ ರೂಪಿಸಿದ. ಆಹಾರದಲ್ಲಿ ಪ್ರೋಟೀನ್ ಎಷ್ಟಿದೆಯೆಂದು ಲೆಕ್ಕ ಹಾಕಲು ಈಗಲೂ ಅದು ಬಳಕೆಯಲ್ಲಿದೆ. 1909ರಲ್ಲಿ ಸೋರೆನ್ ಸೋರೆನ್ಸನ್ ಕಿಣ್ವಗಳ ಕೆಲಸಕ್ಕೂ ಆಮ್ಲೀಯತೆಗೂ ಇರುವ ನಂಟನ್ನು ಅಳೆಯಹೊರಟು ಪಿಎಚ್ ಮಾಪಕ ತಂದ. ಅದರಲ್ಲಿ ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನುಗಳ ಸಾರತೆ ಹತ್ತು ಪಟ್ಟು ಏರುತ್ತದೆ. ನಮ್ಮ ರೈತರ ಮಣ್ಣು ಆರೋಗ್ಯ ಚೀಟಿಯಲ್ಲಿ ‘ರಸಸಾರ’ ಎಂದು ನಮೂದಾಗುವ ಅಂಕಿ ಇದೇ.

ಹ್ಯಾನ್ಸನ್‌ನ ಯೀಸ್ಟಿನ ಕಥೆ ಕಾರ್ಖಾನೆ ಖಾಲಿಯಾದ ಮೇಲೂ ಮುಂದುವರಿಯಿತು. ತಣ್ಣನೆಯ ನೆಲಮಾಳಿಗೆಯಲ್ಲಿ ಲಾಗರ್ ಎಂಬ ಬಗೆಯ ಬಿಯರನ್ನು ನಿಧಾನವಾಗಿ ಹುದುಗಿಸುವ ಈ ಯೀಸ್ಟ್ ಮಿಶ್ರತಳಿ. ಒಂದು ಕಡೆಯ ಪೂರ್ವಜ ಬ್ರೆಡ್ ಉಬ್ಬಿಸುವ ಜಾತಿಯದು. ಚಳಿ ತಾಳುವ ಇನ್ನೊಂದು ಕಡೆಯದು ಯಾರೆಂದು ಬಹುಕಾಲ ತಿಳಿದಿರಲಿಲ್ಲ. ಆ ಜಾತಿ 2011ರಲ್ಲಿ ಸಿಕ್ಕಿದ್ದು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡುಮರಗಳಲ್ಲಿ.