ವಯಸ್ಸಿನ ಉರಿಯೂತ: ಸೊಂಟ, ವಸಡು, ತೊಡೆ

ಮುಂಬೈ ಸುತ್ತಮುತ್ತಲ ಮಾಟುಂಗಾ, ಥಾಣೆ, ಡೊಂಬಿವಿಲಿ ಕಡೆಯ ನಮ್ಮ ಕನ್ನಡಿಗರ ಮನೆಗಳಲ್ಲಿ ಅರವತ್ತು ದಾಟಿದವರ ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ ಈಗೀಗ ‘ಹೆಚ್‌ಎಸ್-ಸಿಆರ್‌ಪಿ’ ಎಂಬ, ರಕ್ತದಲ್ಲಿನ ಉರಿಯೂತದ ಮಟ್ಟ ತೋರಿಸುವ ಸಾಲೊಂದು ಕಾಣಿಸುತ್ತದೆ. ಅಂಕಿ 3ರ ಮೇಲಿದ್ದರೆ ಮನೆಮಂದಿಗೆಲ್ಲ ಗಾಬರಿ. ಮರುದಿನವೇ ಅರಿಶಿನದ ಸಾರವಾದ ಕರ್ಕ್ಯುಮಿನ್ ಕ್ಯಾಪ್ಸೂಲ್, ಮೀನೆಣ್ಣೆ, ವಿಟಮಿನ್ ಡಿ ಮೂರೂ ಆನ್‌ಲೈನ್‌ನಲ್ಲಿ ಆರ್ಡರ್ ಆಗಿರುತ್ತವೆ. ಆ ದುಡ್ಡನ್ನು ಸದ್ಯಕ್ಕೆ ತಡೆದಿಟ್ಟು, ಹತ್ತು ರೂಪಾಯಿಯ ಅಳತೆ ಟೇಪು ಹುಡುಕುವುದು ಮೇಲು.

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಗಾಗಿ ಬಾತುಕೊಳ್ಳುತ್ತದೆ. ಇದೇ ಉರಿಯೂತ. ರೋಗನಿರೋಧಕ ಕೋಶಗಳು ಅಲ್ಲಿಗೆ ಧಾವಿಸಿ, ಕೆಲಸ ಮುಗಿದ ಮೇಲೆ ಹಿಂದೆ ಸರಿಯುತ್ತವೆ. ವಯಸ್ಸಾದಂತೆ ಈ ಹಿಂದೆ ಸರಿಯುವ ಕೆಲಸ ಪೂರ್ತಿ ಆಗುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಆದರೂ ರಕ್ತದಲ್ಲಿ ಐಎಲ್-6, ಟಿಎನ್‌ಎಫ್-ಆಲ್ಫಾದಂಥ ಸಂದೇಶವಾಹಕ ಪ್ರೋಟೀನುಗಳು ಸದಾ ಒಂದಿಷ್ಟು ಹೆಚ್ಚೇ ಇರುತ್ತವೆ. ಬೂದಿ ಮುಚ್ಚಿದ ಕೆಂಡದಂಥ ಈ ಸ್ಥಿತಿಗೆ ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾಂಚೆಸ್ಕಿ 2000ನೇ ಇಸವಿಯಲ್ಲಿ ‘ಇನ್‌ಫ್ಲಮೇಜಿಂಗ್’ ಎಂದು ಹೆಸರಿಟ್ಟರು. ಹೃದಯರೋಗ, ಟೈಪ್ 2 ಮಧುಮೇಹ, ಸ್ನಾಯು ಸೊರಗುವುದು ಎಲ್ಲಕ್ಕೂ ಇದರ ನಂಟಿದೆ.

ಹಾಗಾದರೆ ಇದನ್ನು ಔಷಧಿಯಿಂದಲೇ ಅದುಮಿಬಿಡಬಹುದಲ್ಲ? 2017ರಲ್ಲಿ ಪ್ರಕಟವಾದ ‘ಕ್ಯಾಂಟೋಸ್’ ಪ್ರಯೋಗದಲ್ಲಿ ಅದನ್ನೇ ಮಾಡಿ ನೋಡಿದರು. ಹಿಂದೆ ಹೃದಯಾಘಾತವಾಗಿದ್ದ, ಸಿಆರ್‌ಪಿ ಹೆಚ್ಚಿದ್ದ 10,000ಕ್ಕೂ ಮಿಕ್ಕಿದ ಜನ ಅದರಲ್ಲಿದ್ದರು. ಒಂದಷ್ಟು ಮಂದಿಗೆ ಕ್ಯಾನಕಿನುಮಾಬ್ ಎಂಬ ಇಂಜೆಕ್ಷನ್, ಉಳಿದವರಿಗೆ ಔಷಧವಿಲ್ಲದ ಇಂಜೆಕ್ಷನ್. ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ ಪಡೆದವರಲ್ಲಿ, ಕೊಲೆಸ್ಟರಾಲ್ ಇಳಿಯದಿದ್ದರೂ, ಹೃದಯಾಘಾತ-ಪಾರ್ಶ್ವವಾಯುಗಳ ಪ್ರಮಾಣ ಸುಮಾರು ಶೇ. 15ರಷ್ಟು ತಗ್ಗಿತು. ಆದರೆ ಪ್ರಾಣ ತೆಗೆಯುವಂಥ ಸೋಂಕುಗಳು ಹೆಚ್ಚಿದವು. ಉರಿಯೂತ ನಮ್ಮನ್ನು ಕಾಯುವ ವ್ಯವಸ್ಥೆಯೂ ಹೌದು, ಅದನ್ನು ಸಾರಾಸಗಟಾಗಿ ಅದುಮಿದರೆ ಬೆಲೆ ತೆರಲೇಬೇಕು. ಹಾಗಾಗಿ ಅದು ಎಲ್ಲಿಂದ ಏಳುತ್ತಿದೆಯೋ ಅಲ್ಲಿಗೇ ಕೈ ಹಾಕುವುದು ಸರಿಯಾದ ದಾರಿ.

ಮೊದಲು ರಿಪೋರ್ಟನ್ನು ಸರಿಯಾಗಿ ಓದಬೇಕು. ಸಿಆರ್‌ಪಿ ಲಿವರ್ ತಯಾರಿಸುವ ಪ್ರೋಟೀನು. ಐಎಲ್-6ರ ಸೂಚನೆ ಬಂದೊಡನೆ ಏರುತ್ತದೆ. ಪ್ರಚೋದನೆ ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯಕ್ಕೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ರ ಮೇಲೆ ಹೆಚ್ಚು ಎಂದು ಲೆಕ್ಕ. 10 ದಾಟಿದರೆ ಅದು ಬಹುತೇಕ ಸೋಂಕಿನದೋ ಗಾಯದ್ದೋ ಬೇರೆ ಕಾಯಿಲೆಯದೋ ಸುಳಿವು. ಅದನ್ನು ವಯಸ್ಸಿನ ತಲೆಗೆ ಕಟ್ಟಬಾರದು. ಮುಂಬೈಯ ಮಳೆಗಾಲದಲ್ಲಿ ನೆಗಡಿ, ವೈರಲ್ ಜ್ವರ, ಡೆಂಗ್ಯೂ ಬಂದು ಹೋದ ಎರಡು-ಮೂರು ವಾರದೊಳಗೆ ಮಾಡಿಸಿದ ಪರೀಕ್ಷೆಗೆ ಅರ್ಥವಿಲ್ಲ. ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ ಎರಡನ್ನೂ ಹೋಲಿಸಬೇಕು. ಅಳತೆಯ ಘಟಕವನ್ನೂ ನೋಡಬೇಕು: ಕೆಲವು ಲ್ಯಾಬುಗಳು ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ, ಅಲ್ಲಿ 0.5 ಎಂದಿದ್ದರೆ ಲೀಟರಿಗೆ 5 ಎಂದರ್ಥ. 0.5 ಕಂಡು ನೆಮ್ಮದಿಯಾಗಿ ಕೂತವರೂ ಇದ್ದಾರೆ.

ಇನ್ನು ಟೇಪು. ಉಸಿರು ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ ಅಳೆಯಬೇಕು. ಪ್ಯಾಂಟಿನ ಬೆಲ್ಟಿನ ಜಾಗದಲ್ಲಲ್ಲ. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದೆ ಎಂದೇ ತಿಳಿಯಬೇಕು. ಕರುಳಿನ ಸುತ್ತ ಕೂತ ಈ ಕೊಬ್ಬಿನಲ್ಲಿ ರೋಗನಿರೋಧಕ ಕೋಶಗಳು ಬೀಡುಬಿಟ್ಟು ಐಎಲ್-6 ಸುರಿಸುತ್ತಿರುತ್ತವೆ. ತೂಕದ ಶೇ. 5ರಿಂದ 7ರಷ್ಟು ಇಳಿದರೂ, ಎಂದರೆ 75 ಕಿಲೋದವರು ನಾಲ್ಕೈದು ಕಿಲೋ ಇಳಿಸಿದರೂ, ಲಾಭ ಕಾಣುತ್ತದೆ. ಈ ಊರಿನಲ್ಲಿ ಅದಕ್ಕೆ ದೊಡ್ಡ ಅಡ್ಡಿ ಊಟದ ಹೊತ್ತು. ಲೋಕಲ್ ಹಿಡಿದು ಮನೆ ಮುಟ್ಟುವಾಗ ಒಂಬತ್ತು, ಅಲ್ಲಿಯವರೆಗೆ ವಡಾಪಾವ್, ಫರ್ಸಾಣ್. ಆಮೇಲೆ ಹತ್ತಕ್ಕೆ ತುಂಬ ಊಟ. ಹೋಟೆಲ್ ನಡೆಸುವ ನಮ್ಮವರಿಗಂತೂ ಶಟರ್ ಎಳೆದ ಮೇಲೆಯೇ ತಟ್ಟೆ. ಸಂಜೆ ಆರರ ಹೊತ್ತಿಗೆ ಒಂದು ಮುಷ್ಟಿ ಹುರಿಗಡಲೆ, ಒಂದು ಮೊಟ್ಟೆ ಅಥವಾ ಒಂದು ಬಟ್ಟಲು ಉಸಳಿ ತಿಂದುಬಿಟ್ಟರೆ ರಾತ್ರಿಯ ಅನ್ನ ತಾನಾಗಿ ಅರ್ಧವಾಗುತ್ತದೆ.

ಮೂರನೆಯದು ತೊಡೆ, ಹೆಚ್ಚು ಜನ ಮರೆಯುವುದೂ ಇದನ್ನೇ. ವ್ಯಾಯಾಮ ಮಾಡುವ ಸ್ನಾಯುವೂ ಐಎಲ್-6 ಬಿಡುತ್ತದೆ, ಆದರೆ ಅದರ ಪರಿಣಾಮ ತದ್ವಿರುದ್ಧ: ಅಲ್ಪ ಹೊತ್ತು ಏರಿ, ಉರಿಯೂತ ತಣಿಸುವ ಐಎಲ್-10ನ್ನು ಎಬ್ಬಿಸಿ, ಇಳಿದುಬಿಡುತ್ತದೆ. ಕೋಪನ್‌ಹೇಗನ್‌ನ ಬೆಂಟೆ ಪೆಡರ್ಸನ್ ಅವರ ತಂಡ ಇದನ್ನು ತೋರಿಸಿಕೊಟ್ಟಿತು. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ. ಅದೇ ಪರೀಕ್ಷೆ ಮದ್ದೂ ಆಗುತ್ತದೆ: ಗೋಡೆಗೆ ಒರಗಿಸಿದ, ಗಾಲಿಯಿಲ್ಲದ ಕುರ್ಚಿಯಲ್ಲಿ ಎಂಟರಿಂದ ಹತ್ತು ಸಲ ಎದ್ದು ಕೂರುವುದು, ಎರಡು ನಿಮಿಷ ಬಿಟ್ಟು ಮತ್ತೆ, ಹೀಗೆ ಮೂರು ಸುತ್ತು, ವಾರಕ್ಕೆ ಕನಿಷ್ಠ ಎರಡು ದಿನ. ದಡಕ್ಕನೆ ಕೂರಬಾರದು, ಇಳಿಯುವಾಗ ಮೂರು ಎಣಿಸಬೇಕು. ಜತೆಗೆ ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ಬರೀ ನಡೆದು ಸ್ನಾಯು ಬೆಳೆಯುವುದಿಲ್ಲ, ಪ್ರೋಟೀನಿಲ್ಲದೆಯೂ ಬೆಳೆಯುವುದಿಲ್ಲ. ಹಿರಿಯರಿಗೆ ದೇಹದ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು, 60 ಕಿಲೋದವರಿಗೆ 60ರಿಂದ 72 ಗ್ರಾಂ. ಬೆಳಗಿನ ಎರಡು ಇಡ್ಲಿಯಲ್ಲಿ ಅದು ನಾಲ್ಕೈದು ಗ್ರಾಂ ದಾಟದು. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ವಸಡಿನ ಮಾತು ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಹಲ್ಲುಜ್ಜುವಾಗ ರಕ್ತ ಬರುವುದು, ಹಲ್ಲು ಅಲುಗಾಡುವುದು ಎಂದರೆ ಅಲ್ಲಿ ವರ್ಷಗಟ್ಟಲೆ ಸೋಂಕು ಕೂತಿರಬಹುದು. ವಸಡಿಗೆ ಚಿಕಿತ್ಸೆ ಕೊಟ್ಟಾಗ ರಕ್ತದ ಸಿಆರ್‌ಪಿಯೂ ಇಳಿದದ್ದುಂಟು. ಮಹಾರಾಷ್ಟ್ರದಲ್ಲಿ ಎಷ್ಟೋ ಹೆಂಗಸರು ಹಲ್ಲಿಗೆ ಉಜ್ಜುವ ಮಿಶ್ರಿ ಹುರಿದ ತಂಬಾಕಿನ ಪುಡಿಯೇ. ಅದನ್ನು ಹಲ್ಲುಪುಡಿ ಎಂದುಕೊಂಡವರಿಗೆ ಪಕ್ಕದವರಾದರೂ ತಿಳಿಸಬೇಕು.

ಮೀನಿನ ವಿಷಯದಲ್ಲಿ ಕರಾವಳಿಯವರು ಅದೃಷ್ಟವಂತರು. ಒಮೆಗಾ-3 ಎಂಬ ಒಳ್ಳೆಯ ಕೊಬ್ಬಿಗಾಗಿ ದುಬಾರಿ ಪಾಪ್ಲೆಟ್‌ಗೆ ಕೈ ಚಾಚಬೇಕಿಲ್ಲ, ಅಗ್ಗದ ಬಂಗುಡೆ, ಬೂತಾಯಿಯೇ ಅದಕ್ಕೆ ಹೇಳಿಸಿದವು. ಇಲ್ಲಿಯ ಮಾರುಕಟ್ಟೆಯಲ್ಲಿ ಬಾಂಗಡಾ, ತಾರ್ಲಿ ಎಂದು ಕೇಳಬೇಕು. ವಾರಕ್ಕೆ ಎರಡು ಸಲ ಪುಳಿಮುಂಚಿಯಾಗಿಯೋ ಗಸಿಯಾಗಿಯೋ ಆದರೆ ಚೆನ್ನ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿನ ಕೊಬ್ಬಿನ ಜಾಗಕ್ಕೆ ಕರಿದ ಎಣ್ಣೆ ಬಂದು ಕೂರುತ್ತದೆ. ಜೂನ್-ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಒಣಮೀನಿಗೆ ಬೀಳುವವರು ಉಪ್ಪನ್ನು ಲೆಕ್ಕ ಹಾಕಬೇಕು, ದಿನದ ಮಿತಿ 5 ಗ್ರಾಂ. ಸಸ್ಯಾಹಾರಿಗಳಿಗೆ ಅಗಸಿ ಹಿಂಡಿ ಇದೆ, ಪುಣೆಯವರ ಜವಸ್ ಚಟ್ನಿಯೂ ಅದೇ. ಇಡೀ ಕಾಳು ಅರಗದೆ ಹಾಗೆಯೇ ಹೊರಬೀಳುತ್ತದೆ, ಪುಡಿ ಮಾಡಲೇಬೇಕು. ಹದವಾಗಿ ಹುರಿದು, ವಾರಕ್ಕಾಗುವಷ್ಟೇ ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಬೇಕು. ಹೊರಗಿಟ್ಟರೆ ಇಲ್ಲಿಯ ಸೆಕೆಗೆ ಬೇಗ ಕಮಟು ಹಿಡಿಯುತ್ತದೆ. ಹತ್ತು ಗ್ರಾಂ ಪುಡಿಯಲ್ಲಿ ಸುಮಾರು 2 ಗ್ರಾಂ ಸಸ್ಯಮೂಲದ ಒಮೆಗಾ-3 ಆದ ಎಎಲ್‌ಎ ಸಿಗುತ್ತದೆ. ದೇಹ ಅದರಲ್ಲಿ ಮೀನಿನ ಬಗೆಯ ಒಮೆಗಾ-3 ಆಗಿ ಬದಲಿಸುವುದು ಅಲ್ಪವೇ, ಆದರೆ ನಾರಿನ ಲಾಭ ಪೂರ್ತಿ ದಕ್ಕುತ್ತದೆ.

ಕ್ಯಾಪ್ಸೂಲುಗಳಿಗೆ ಬಂದರೆ, 1000 ಮಿಲಿಗ್ರಾಂ ಎಂದು ಬರೆದ ಸಾಧಾರಣ ಮೀನೆಣ್ಣೆಯಲ್ಲಿ ಮೀನಿನ ಒಮೆಗಾ-3ಗಳಾದ ಇಪಿಎ 180, ಡಿಹೆಚ್‌ಎ 120 ಮಾತ್ರ ಇರುತ್ತದೆ. ಹಿಂಬದಿಯ ಸಣ್ಣಕ್ಷರ ಓದಿ. ದಿನಕ್ಕೆ 1 ಗ್ರಾಂಗೂ ಹೆಚ್ಚು ಇಪಿಎ-ಡಿಹೆಚ್‌ಎ ತೆಗೆದುಕೊಂಡವರಲ್ಲಿ ಹೃದಯದ ಬಡಿತ ತಾಳ ತಪ್ಪುವ ಅಪಾಯ ಹೆಚ್ಚಿದ್ದು ಕಂಡುಬಂದಿದೆ. ಒಂದು ಚಮಚ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರು ಮಿಲಿಗ್ರಾಂ ಆಸುಪಾಸು, ಅದೂ ರಕ್ತಕ್ಕೆ ಸೇರುವುದು ಕಷ್ಟ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಹೀರಿಕೆ 20 ಪಟ್ಟು ಹೆಚ್ಚಿತು. ಆದರೆ ಕಾಳುಮೆಣಸಿನ ಈ ಸಾರ ಬೇರೆ ಔಷಧಿಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಹೀಗೆ ಹೀರಿಕೆ ಹೆಚ್ಚಿಸಿದ ಕ್ಯಾಪ್ಸೂಲುಗಳಿಂದ ಲಿವರ್ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಇದರ ತಂಟೆಗೆ ಹೋಗದಿರುವುದೇ ಲೇಸು. ಸಾರಿನ ಅರಿಶಿನ-ಮೆಣಸಿಗೆ ಯಾವ ಭಯವೂ ಬೇಡ. ವಿಟಮಿನ್ ಡಿಯ 60,000 ಯೂನಿಟ್ ಸ್ಯಾಷೆಯನ್ನು ವೈದ್ಯರು ಬರೆಯುವುದು ವಾರಕ್ಕೊಂದರಂತೆ, ಸಾಮಾನ್ಯವಾಗಿ ಎಂಟು ವಾರಕ್ಕೆ. ಅದೇ ಹಳೇ ಚೀಟಿ ತೋರಿಸಿ ವರ್ಷವಿಡೀ ನುಂಗಿದರೆ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು.

ಇವನ್ನೆಲ್ಲ ಮೂರು ತಿಂಗಳು ಪಾಲಿಸಿ, ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಬಹುದು. ಕೆಲವು ಲಕ್ಷಣಗಳಿಗೆ ಮಾತ್ರ ಮೂರು ತಿಂಗಳು ಕಾಯಬಾರದು. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಕ್ಷಯದ ಪರೀಕ್ಷೆ ಆಗಲೇಬೇಕು. ಐವತ್ತು ದಾಟಿದವರಿಗೆ ಎರಡೂ ಭುಜ, ಸೊಂಟ ಬೆಳಿಗ್ಗೆ ಮುಕ್ಕಾಲು ಗಂಟೆಗೂ ಹೆಚ್ಚು ಬಿಗಿದುಕೊಂಡು, ಸಿಆರ್‌ಪಿ ಏರಿದ್ದರೆ ಅದು ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಎಂಬ ಉರಿಯೂತದ ಕಾಯಿಲೆ ಇರಬಹುದು. ಅದಕ್ಕೆ ಖಚಿತ ಚಿಕಿತ್ಸೆಯಿದೆ. ಜತೆಗೆ ಹೊಸ ತಲೆನೋವೋ ದೃಷ್ಟಿ ಮಂಜಾಗುವುದೋ ಸೇರಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಕಣ್ಣೇ ಹೋಗುವ ಅಪಾಯವಿದೆ.